ಮಧ್ಯಾಹ್ನದ ಬೀಗ: ತುಮಕೂರು ಪೇಟೆಯ ಒಂದು ಉದ್ಯಾನದ ಪ್ರಕರಣ

ತುಮಕೂರಿನ ಹಳೆಯ ಪೇಟೆಯ ಅಂಚಿನಲ್ಲಿ, ಬಸ್ ನಿಲ್ದಾಣದಿಂದ ಗಂಟುಮೂಟೆ ಹೊತ್ತುಕೊಂಡೂ ನಡೆದು ತಲುಪಬಹುದಾದಷ್ಟು ದೂರದಲ್ಲಿ, ಸುಮಾರು 20 ಗುಂಟೆಯ ಒಂದು ಉದ್ಯಾನವಿದೆ. ಬೆಳಿಗ್ಗೆ 5ರಿಂದ 9ರವರೆಗೆ, ಸಂಜೆ 4ರಿಂದ 8ರವರೆಗೆ ಅದು ತೆರೆದಿರುತ್ತದೆಂದು ಗೇಟಿನ ಪಕ್ಕದ ಹಸಿರು ಫಲಕ ಹೇಳುತ್ತಿತ್ತು. ಹೇಳಿದಂತೆಯೇ ನಡೆಯುತ್ತಲೂ ಇತ್ತು; ಇಷ್ಟು ಶಿಸ್ತಾಗಿ ವೇಳೆ ಪಾಲಿಸಿದ ಇನ್ನೊಂದು ಸಾರ್ವಜನಿಕ ಬಾಗಿಲನ್ನು ನಮ್ಮೂರಿನಲ್ಲಿ ನಾನು ಕಂಡಿಲ್ಲ. ಒಂಬತ್ತಕ್ಕೆ ಬೀಗ ಬೀಳುತ್ತಿತ್ತು, ನಾಲ್ಕಕ್ಕೆ ತೆರೆಯುತ್ತಿತ್ತು. ನಡುವಿನ ಏಳು ಗಂಟೆಗಳಲ್ಲಿ ಒಳಗಿನ ಹೊಂಗೆಮರಗಳ ನೆರಳು ಯಾರ ಉಪಯೋಗಕ್ಕೂ ಬಾರದೆ ಬಿದ್ದಿರುತ್ತಿತ್ತು, ಗ್ರಿಲ್ಲಿನ ಹೊರಗೆ ಜನ ಚರಂಡಿಯ ಚಪ್ಪಡಿಯ ಮೇಲೆ ಕೂತಿರುತ್ತಿದ್ದರು. ಈ ಬರಹ ಆ ಏಳು ಗಂಟೆಗಳನ್ನು ಕುರಿತದ್ದು.

ಉದ್ಯಾನದ ಹೆಸರನ್ನೂ ಅದರ ನಿರ್ವಹಣೆಯ ಹೊಣೆ ಹೊತ್ತ ಕಚೇರಿಯ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ಈ ಉದ್ಯಾನದ ಪರವಾಗಿ ಮನವಿ ಬರೆದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪ್ರಕರಣದಲ್ಲಿ ನಾನು ಪೂರ್ತಿ ತಟಸ್ಥನಲ್ಲ ಎಂಬುದನ್ನೂ ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

ಪೇಟೆಗೆ ಬರುವವರು

ತುಮಕೂರು ಜಿಲ್ಲೆಗೆ ಹತ್ತು ತಾಲ್ಲೂಕುಗಳು. ಪಾವಗಡದಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್. ಶಿರಾ, ಮಧುಗಿರಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನಕ್ಕೂ ಜಿಲ್ಲಾ ಆಸ್ಪತ್ರೆ, ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ ಎಲ್ಲವೂ ಈ ಊರಿನಲ್ಲೇ. ಬೆಳಿಗ್ಗೆ ಬಸ್ಸು ಹತ್ತಿದವರು ಹತ್ತು, ಹನ್ನೊಂದರ ಹೊತ್ತಿಗೆ ಊರು ಸೇರುತ್ತಾರೆ. ಅರ್ಧ ಕೆಲಸ ಊಟದ ಹೊತ್ತಿಗೆ ಮುಗಿಯುತ್ತದೆ, ಉಳಿದರ್ಧಕ್ಕೆ ‘ಮೂರು ಗಂಟೆ ಮೇಲೆ ಬನ್ನಿ’ ಎನ್ನುತ್ತಾರೆ. ಆ ಎರಡು ಮೂರು ತಾಸು ಅವರು ಎಲ್ಲಿರಬೇಕು? ಹೋಟೆಲಿನಲ್ಲಿ ಊಟ ಮುಗಿದ ಮೇಲೂ ಕೂತಿರಲು ಆಗದು, ಅಂಗಡಿಯ ಮುಂಗಟ್ಟೆಯ ಮೇಲೆ ಕೂತರೆ ವ್ಯಾಪಾರಕ್ಕೆ ಅಡ್ಡಿ, ನಿಲ್ದಾಣದ ಬೆಂಚು ಆಗಲೇ ತುಂಬಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ, ಹೀಗೆ ಕಾಯುವವರಲ್ಲಿ ಹೆಂಗಸರು ಎದ್ದು ಕಾಣುವಷ್ಟು ಹೆಚ್ಚಿದರು. ಬರುವ ದಾರಿಯ ಖರ್ಚು ಇಳಿಯಿತು. ಬಂದ ಮೇಲೆ ಕೂರುವ ಜಾಗ ಹೆಚ್ಚಲಿಲ್ಲ.

ಇವರಲ್ಲದೆ ಪೇಟೆಯವರೇ ಇದ್ದಾರೆ. ಮಂಡಿಪೇಟೆಯ ಹಮಾಲಿಗಳು ಮೂಟೆ ಇಳಿಸಿ ಮುಂದಿನ ಲಾರಿಗೆ ಕಾಯುತ್ತಾರೆ. ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಹುಡುಗಿಯರು ಮನೆಯಿಂದ ತಂದ ಬುತ್ತಿಯನ್ನು ಗೋದಾಮಿನ ಮೆಟ್ಟಿಲ ಮೇಲೆ ಬಿಚ್ಚುತ್ತಾರೆ. ಆಟೋದವರು, ಬೀದಿಬದಿಯ ಹೂವಿನವರು, ಸೆಲ್ ಫೋನ್ ರಿಪೇರಿ ಕಲಿಯುತ್ತಿರುವ ಹುಡುಗರು, ಎಲ್ಲರಿಗೂ ಹಗಲಿನಲ್ಲಿ ಒಂದರ್ಧ ತಾಸಿನ ಬಿಡುವು ಸಿಕ್ಕುತ್ತದೆ, ಕೂರುವ ಜಾಗ ಸಿಕ್ಕುವುದಿಲ್ಲ.

ಉದ್ಯಾನವೆಂದರೆ ನಮ್ಮ ಕಣ್ಣಮುಂದೆ ಬರುವುದು ಬಡಾವಣೆಯ ಉದ್ಯಾನ. ಎಸ್.ಎಸ್. ಪುರಂ, ಜಯನಗರದಂಥ ಕಡೆ ಮನೆಗಳಿಂದ ಬೆಳಿಗ್ಗೆ ಸ್ವೆಟರ್ ತೊಟ್ಟು ಹೊರಟವರು ಹತ್ತು ಸುತ್ತು ನಡೆದು ಮನೆಗೆ ಹಿಂತಿರುಗುತ್ತಾರೆ, ಸಂಜೆ ಮಕ್ಕಳು ಜೋಕಾಲಿಗೆ ಬರುತ್ತಾರೆ. ಅಲ್ಲಿ ಮಧ್ಯಾಹ್ನ ಬೀಗ ಹಾಕಿದರೆ ಯಾರಿಗೂ ದೊಡ್ಡ ನಷ್ಟವಿಲ್ಲ. ಕೂರುವವನಿಗೆ ಅವನದೇ ಜಗಲಿ ಇದೆ. ಪೇಟೆಯಲ್ಲಿ ಲೆಕ್ಕ ತಿರುವುಮುರುವು. ಬೆಳಿಗ್ಗೆ ಆರಕ್ಕೆ ಅಲ್ಲಿ ನಡೆಯುವವರು ಬೆರಳೆಣಿಕೆಯಷ್ಟು, ಏಕೆಂದರೆ ಪೇಟೆಯ ಮನೆಗಳ ಬಹುಪಾಲು ಈಗ ಗೋದಾಮುಗಳಾಗಿವೆ. ಜನ ತುಂಬುವುದು ಹತ್ತರ ಮೇಲೆ, ತೆರವಾಗುವುದು ಐದರ ಮೇಲೆ. ಇಂಥ ಜಾಗದ ಉದ್ಯಾನಕ್ಕೆ ಬಡಾವಣೆಯ ಉದ್ಯಾನದ ವೇಳಾಪಟ್ಟಿಯನ್ನು ಅಂಟಿಸಿದ್ದೇ ಈ ಪ್ರಕರಣದ ಬೇರು ಎಂಬುದು ನನ್ನ ತಿಳಿವಳಿಕೆ.

ಪೇಟೆಯಲ್ಲಿ ಉದ್ಯಾನಗಳೇ ಕಡಿಮೆಯಾಗಿರುವುದಕ್ಕೂ ಕಾರಣವಿದೆ. ಹೊಸ ಬಡಾವಣೆಗೆ ಮಂಜೂರಾತಿ ಕೊಡುವಾಗ ಉದ್ಯಾನಕ್ಕೂ ಬಯಲಿಗೂ ಇಷ್ಟು ಪಾಲು ಬಿಡಬೇಕೆಂಬ ಕಟ್ಟಳೆ ಬಂದದ್ದು ಯೋಜನಾ ಕಾನೂನುಗಳ ಜೊತೆಗೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಚಿಕ್ಕಪೇಟೆ, ಹೊರಪೇಟೆ, ಮಂಡಿಪೇಟೆಗಳು ಅದಕ್ಕೂ ಬಹಳ ಮೊದಲೇ ಗೋಡೆಗೆ ಗೋಡೆ ಅಂಟಿಸಿಕೊಂಡು ಬೆಳೆದವು. ಹಾಗಾಗಿ ಪೇಟೆಯಲ್ಲಿ ಉಳಿದಿರುವ ಯಾವುದೇ ತೆರೆದ ಜಾಗ ಯಾರೋ ಯೋಜಿಸಿ ಬಿಟ್ಟದ್ದಾಗಿರುವುದು ಅಪರೂಪ, ಬೇರೇನೋ ಆಗಿದ್ದದ್ದು ಹೇಗೋ ಉಳಿದುಕೊಂಡಿರುತ್ತದೆ. ನಮ್ಮ ಈ 20 ಗುಂಟೆ ಒಂದು ಕಾಲಕ್ಕೆ ಮಂಡಿಗೆ ಬಂದ ಎತ್ತಿನ ಗಾಡಿಗಳ ಕೊಳ್ಳು ಬಿಡುತ್ತಿದ್ದ ಬಯಲು ಎಂದು ಹಿರಿಯರು ಹೇಳುತ್ತಾರೆ. ಮೂಲೆಯಲ್ಲಿ ದನಗಳಿಗೆ ನೀರು ಕುಡಿಸುತ್ತಿದ್ದ ಕಲ್ಲುತೊಟ್ಟಿ ನನ್ನ ಬಾಲ್ಯದವರೆಗೂ ಇತ್ತು. ಅಂದರೆ ದೂರದಿಂದ ಬಂದವರು ಕಾಯುವ ಜಾಗವಾಗಿಯೇ ಅದು ಹುಟ್ಟಿತ್ತು.

‘ಅಮಾನಿಕೆರೆ ಉದ್ಯಾನ ಇದೆಯಲ್ಲ, ಅಲ್ಲಿಗೆ ಹೋಗಲಿ’ ಎಂಬ ಮಾತನ್ನು ಈ ಪ್ರಕರಣದ ಉದ್ದಕ್ಕೂ ಕೇಳಿದ್ದೇವೆ. ಅಮಾನಿಕೆರೆ, ಅದರ ದಂಡೆಯ ಉದ್ಯಾನ ಮತ್ತು ಗಾಜಿನ ಮನೆ ಊರಿನ ಹೆಮ್ಮೆಯೇ; ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ಆ ಕೆರೆಯ ಸುತ್ತ ಸಾಕಷ್ಟು ಕೆಲಸವೂ ಆಗಿದೆ. ಆದರೆ ಭಾನುವಾರ ಮನೆಮಂದಿಯೆಲ್ಲ ಹೋಗುವ ಜಾಗವೇ ಬೇರೆ, ಎರಡು ಕೆಲಸಗಳ ನಡುವೆ ಕಾಲು ಚಾಚುವ ಜಾಗವೇ ಬೇರೆ. ಚೀಲವನ್ನೂ ಆಸ್ಪತ್ರೆಯ ಫೈಲನ್ನೂ ಹಿಡಿದ ಮುದುಕಿಯನ್ನು ಬಿಸಿಲಿನಲ್ಲಿ ಕೆರೆ ದಂಡೆಗೆ ನಡೆಸುವುದು ಸಲಹೆ ಎನಿಸಿಕೊಳ್ಳುವುದಿಲ್ಲ.

ನವೀಕರಣ ಎಂಬ ಹಂತ

ನವೀಕರಣಕ್ಕೆ ಮೊದಲು ಈ ಉದ್ಯಾನ ಅಷ್ಟೇನೂ ಚೆಂದವಾಗಿರಲಿಲ್ಲ. ಕಾಂಪೌಂಡು ಎರಡು ಕಡೆ ಕುಸಿದಿತ್ತು, ಗೇಟು ಹೆಸರಿಗಿತ್ತು, ನೆಲ ಬರಿ ಮಣ್ಣು. ನಾಲ್ಕು ದೊಡ್ಡ ಹೊಂಗೆಮರ, ಒಂದು ಅರಳಿಮರ. ಅರಳಿಗೆ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು. ಎರಡು ಹೊಂಗೆಗಳಿಗೂ ಯಾರೋ ಪುಣ್ಯಾತ್ಮರು ಸೈಜುಗಲ್ಲಿನ ವೃತ್ತಾಕಾರದ ಕಟ್ಟೆ ಕಟ್ಟಿಸಿದ್ದರು. ಆ ಕಟ್ಟೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎತ್ತರ ಒಂದೂವರೆ ಅಡಿ, ಅಂದರೆ ಮಂಡಿ ನೋವಿರುವವರೂ ಕೂತು ಏಳಬಹುದಾದಷ್ಟು. ಸುತ್ತ ಎತ್ತ ಬೇಕಾದರೂ ಮುಖ ಮಾಡಿ ಕೂರಬಹುದಾದ್ದರಿಂದ ಪರಿಚಯವಿಲ್ಲದ ಎಂಟು ಜನ ಒಬ್ಬರನ್ನೊಬ್ಬರು ನೋಡದೆಯೂ ಒಂದೇ ಕಟ್ಟೆಯಲ್ಲಿ ಕೂರುತ್ತಿದ್ದರು. ಪರಿಚಯವಿದ್ದವರು ಅಂಚಿನ ತಿರುವಿನಲ್ಲಿ ಒಬ್ಬರಿಗೊಬ್ಬರು ವಾಲಿ ಮಾತಾಡುತ್ತಿದ್ದರು. ಸೂರ್ಯ ಸರಿದಂತೆ ಕೂತವರೂ ನೆರಳಿನ ಜೊತೆ ಸರಿಯುತ್ತಿದ್ದರು. ಮರ ಮತ್ತು ಆಸನ ಒಂದೇ ಆಗಿರುವ ಈ ಏರ್ಪಾಟನ್ನು ಹಳ್ಳಿಯ ಜನ ಎಷ್ಟೋ ತಲೆಮಾರುಗಳಿಂದ ಬಲ್ಲರು.

ನವೀಕರಣದಲ್ಲಿ ಅರಳಿಕಟ್ಟೆ ಉಳಿಯಿತು, ನಾಗರಕಲ್ಲನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಹೊಂಗೆಯ ಕಟ್ಟೆಗಳನ್ನು ಒಡೆದರು. ಸುತ್ತ ಆಳೆತ್ತರದ, ಮೇಲ್ತುದಿ ಚೂಪಾದ ಗ್ರಿಲ್ ಬಂತು. ಅಂಚಿನುದ್ದಕ್ಕೂ ನಡೆಯುವ ದಾರಿಗೆ ಇಂಟರ್‌ಲಾಕ್ ಟೈಲ್ಸ್, ನಡುವೆ ಹುಲ್ಲುಹಾಸು, ಒಂದು ಮೂಲೆಯಲ್ಲಿ ಓಪನ್ ಜಿಮ್ಮಿನ ಸಲಕರಣೆ, ದಾರಿಯ ಪಕ್ಕದಲ್ಲಿ ಗ್ರಾನೈಟ್ ಬೆಂಚುಗಳು. ಉದ್ಘಾಟನೆಯ ದಿನ ನಾವೆಲ್ಲ ಹೋಗಿ ಮೈಸೂರುಪಾಕು ತಿಂದು, ಚೆನ್ನಾಗಿದೆ ಎಂದೇ ಹೇಳಿ ಬಂದೆವು. ಆ ಮಾತನ್ನು ನಾನೂ ಆಡಿದ್ದೇನೆ.

ತಪ್ಪು ತಿಳಿದದ್ದು ಬೇಸಿಗೆಯಲ್ಲಿ. ತುಮಕೂರು 13 ಡಿಗ್ರಿಗೆ ಸ್ವಲ್ಪ ಮೇಲಿನ ಅಕ್ಷಾಂಶದಲ್ಲಿದೆ; ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ಮರದ ನೆರಳು ಮರದ ಬುಡಕ್ಕೇ ಬೀಳುತ್ತದೆ, ಹತ್ತಿಪ್ಪತ್ತು ಅಡಿ ಆಚೆಯ ಬೆಂಚಿಗೆ ತಲುಪುವುದಿಲ್ಲ. ಹೊಂಗೆಯಾದರೋ ಫಾಲ್ಗುಣದ ಹೊತ್ತಿಗೆ ಎಲೆ ಉದುರಿಸಿ ಯುಗಾದಿಯ ಆಸುಪಾಸಿಗೆ ಹೊಸ ಚಿಗುರು ತುಂಬಿಕೊಂಡು, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ದಟ್ಟ ನೆರಳು ಹಿಡಿದು ನಿಂತಿರುತ್ತದೆ. ಆದರೆ ಆ ನೆರಳು ಬೀಳುತ್ತಿದ್ದದ್ದು ಹುಲ್ಲುಹಾಸಿನ ಮೇಲೆ, ಹುಲ್ಲುಹಾಸಿಗೆ ‘ಕಾಲಿಡಬಾರದು’ ಎಂಬ ಫಲಕ. ಗ್ರಾನೈಟ್ ಬೆಂಚುಗಳು ಬಯಲಿನಲ್ಲಿ ಕಾದು ಸಂಜೆ ಐದಕ್ಕೂ ಕೂರಲಾರದಷ್ಟು ಬಿಸಿಯಾಗಿರುತ್ತಿದ್ದವು. ನೆರಳಿದ್ದಲ್ಲಿ ಕೂರುವಂತಿಲ್ಲ, ಕೂರುವಲ್ಲಿ ನೆರಳಿಲ್ಲ.

ಹುಲ್ಲಿನ ಲೆಕ್ಕವೂ ಹಾಗೆಯೇ. ಉದ್ಯಾನದ ಅರ್ಧದಷ್ಟು ಹುಲ್ಲುಹಾಸು ಎಂದು ಹಿಡಿದರೆ 10 ಗುಂಟೆ, ಅಂದರೆ ಸುಮಾರು 1,000 ಚದರ ಮೀಟರ್. ಬಿರುಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿಯೇ ಇರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ನೀರಾದರೂ ಬೇಕೆಂದು ಹಿಡಿದರೆ 5,000 ಲೀಟರ್ ಆಯಿತು, ದಿನಕ್ಕೊಂದು ಟ್ಯಾಂಕರ್. ಬುಗುಡನಹಳ್ಳಿ ಕೆರೆಗೆ ಹೇಮಾವತಿ ನೀರು ಎಂದು ಬರುತ್ತದೆಂದು ಊರಿಗೆ ಊರೇ ಕಾಯುವ ವರ್ಷಗಳಲ್ಲಿ ಇದು ನಡೆಯುವ ಮಾತಲ್ಲ, ನಡೆಯಬೇಕಾದ ಮಾತೂ ಅಲ್ಲ. ಮೊದಲ ಬೇಸಿಗೆಯಲ್ಲಿ ಹುಲ್ಲು ಒಣಗಿತು, ಎರಡನೆಯದರಲ್ಲಿ ಮಣ್ಣು ಕಾಣಿಸಿತು. ಕಾಲಿಡಬಾರದೆಂಬ ಫಲಕ ಮಾತ್ರ ಹಾಗೇ ಉಳಿಯಿತು.

ಬೀಗದ ಹೊರಗೆ

ಒಳಗೆ ಬಿಡದಿದ್ದರೆ ಜನ ಮಾಯವಾಗುವುದಿಲ್ಲ, ಗ್ರಿಲ್ಲಿನ ಆಚೆಗೆ ಸರಿಯುತ್ತಾರೆ ಅಷ್ಟೆ. ಉದ್ಯಾನದ ಮುಂದಿನ ಫುಟ್‌ಪಾತು ಕಾಯುವವರ ತಾಣವಾಯಿತು. ಕೂತವರು ಇದ್ದಲ್ಲಿ ಕಡಲೆಕಾಯಿ, ಸೌತೆಕಾಯಿ, ಟೀ ಮಾರುವವರು ಬಂದರು. ಮಾರುವವರು ಬಂದಲ್ಲಿ ಲೋಟ, ಸಿಪ್ಪೆ, ಕವರುಗಳ ರಾಶಿ ಬಿತ್ತು. ನಡೆಯುವವರು ರಸ್ತೆಗೆ ಇಳಿದರು. ಉದ್ಯಾನದ ಹಿಂಭಾಗದ ಓಣಿಗೆ ಎರಡೂ ಕಡೆ ಗೋಡೆಯಿದ್ದು ಯಾರ ಕಣ್ಣೂ ಬೀಳದ ಕಾರಣ ಅದು ಗಂಡಸರ ಮೂತ್ರಾಲಯವಾಯಿತು. ಹೆಂಗಸರಿಗೆ ಅಂಥ ಓಣಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ನಾನು ಕಂಡದ್ದನ್ನು ಇಲ್ಲಿ ಬರೆಯಬೇಕು, ಏಕೆಂದರೆ ಮನವಿಯ ಯೋಚನೆ ಹುಟ್ಟಿದ್ದು ಅಲ್ಲಿಂದ. ಆಸ್ಪತ್ರೆಯ ಚೀಟಿ ಹಿಡಿದ ಒಬ್ಬ ಬಾಣಂತಿ, ಜೊತೆಗೆ ಅವಳ ತಾಯಿ ಇರಬೇಕು. ಮಗು ಅಳುತ್ತಿತ್ತು. ತಾಯಿ ಗೇಟಿನ ಬಳಿ ಬಂದು, ಒಳಗೆ ಹೊಂಗೆಯ ಕೆಳಗೆ ನಾಲ್ಕು ನಿಮಿಷ ಕೂರಲು ಬಿಡಪ್ಪಾ ಎಂದು ಕೇಳಿದಳು. ಕಾವಲಿನವನು ಆಗ ಪಾಳಿಯಲ್ಲಿರಲಿಲ್ಲ, ಊಟ ಮುಗಿಸಿ ಎದುರಿನ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ. ಒಳ್ಳೆಯ ಮನುಷ್ಯ. ಎದ್ದು ಬಂದು, ಬೀಗ ತೆಗೆದರೆ ತನ್ನ ಕೆಲಸ ಹೋಗುತ್ತದಮ್ಮಾ ಎಂದ. ಹೇಳುವಾಗ ಅವನ ಕೈ ಜೇಬಿನಲ್ಲಿದ್ದ ಬೀಗದಕೈಯ ಮೇಲೇ ಇತ್ತು. ಬಾಣಂತಿ ಅಲ್ಲೇ ನಿಲ್ಲಿಸಿದ್ದ ಗೂಡ್ಸ್ ಆಟೋದ ಮರೆಗೆ ಹೋಗಿ, ಅಮ್ಮನ ಸೆರಗನ್ನು ಅಡ್ಡ ಹಿಡಿಸಿಕೊಂಡು, ನಿಂತೇ ಹಾಲು ಕೊಟ್ಟಳು. ನಾವು ನಾಲ್ಕಾರು ಗಂಡಸರು ಬೇರೆ ಕಡೆ ನೋಡಿದೆವು.

ಇಷ್ಟರಲ್ಲಿ ಇನ್ನೊಂದು ಸುದ್ದಿ ಹಬ್ಬಿತು. ಉದ್ಯಾನವನ್ನು ಯಾರೂ ಬಳಸುತ್ತಿಲ್ಲ, ಸುತ್ತ ಗಲೀಜಾಗಿದೆ, ಆದ್ದರಿಂದ ಅರ್ಧ ಭಾಗವನ್ನು ದ್ವಿಚಕ್ರ ವಾಹನಗಳ ನಿಲುಗಡೆಗೆ ಬಿಡಬೇಕು ಎಂಬ ಪ್ರಸ್ತಾವ ತಯಾರಾಗುತ್ತಿದೆ ಎಂದು. ಪ್ರಸ್ತಾವದ ಪರ ಇದ್ದವರಲ್ಲಿ ನಮ್ಮ ಪಕ್ಕದ ಅಂಗಡಿಗಳ ಮಾಲೀಕರೂ ಇದ್ದರು, ಅವರ ಕಷ್ಟವೂ ಸುಳ್ಳಲ್ಲ. ಗಿರಾಕಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ ಮುಂದಕ್ಕೆ ಹೋಗಿಬಿಡುತ್ತಾನೆ. ಆದರೆ ಹಗಲೆಲ್ಲ ಬೀಗ ಹಾಕಿಟ್ಟ ಜಾಗವನ್ನು ಹಗಲಿನಲ್ಲಿ ಯಾರೂ ಬಳಸುವುದಿಲ್ಲವೆಂದು ತೀರ್ಮಾನಿಸುವ ತರ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕಾನೂನಿನ ಬೆಂಬಲ

ಇಲ್ಲಿ ನಮಗೆ ಆಸರೆಯಾದದ್ದು ಎರಡು ಸಂಗತಿ. ಒಂದು, ಕರ್ನಾಟಕ ಉದ್ಯಾನಗಳು, ಆಟದ ಬಯಲುಗಳು ಮತ್ತು ತೆರೆದ ಜಾಗಗಳ ಸಂರಕ್ಷಣೆ ಮತ್ತು ನಿಯಂತ್ರಣಕ್ಕಾಗಿಯೇ 1985ರಲ್ಲಿ ಆದ ಕಾಯ್ದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿರುವುದನ್ನು ಮನಬಂದಂತೆ ಬೇರೆ ಉದ್ದೇಶಕ್ಕೆ ತಿರುಗಿಸಬಾರದು ಎಂಬುದು ಅದರ ತಿರುಳು. ಎರಡನೆಯದು, ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದರ ವಿರುದ್ಧ ನಿವಾಸಿಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಕೊಟ್ಟ ತೀರ್ಪು. ಆಸ್ಪತ್ರೆಯೂ ಜನೋಪಯೋಗಿಯೇ ತಾನೆ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಉದ್ಯಾನಕ್ಕೆಂದು ಬಿಟ್ಟ ಜಾಗ ಉದ್ಯಾನವಾಗಿಯೇ ಇರಬೇಕು, ಅದಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅಕ್ಕಪಕ್ಕದ ನಿವಾಸಿಗಳಿಗೆ ಇದೆ ಎಂದಾಯಿತು. ಬೆಂಗಳೂರಿನ ಆ ನಿವಾಸಿಗಳು ತಮ್ಮ ಬೀದಿಗಾಗಿ ಹೋರಾಡಿದ್ದು, ಇವತ್ತು ದೇಶದ ಎಲ್ಲ ಊರುಗಳ ಉದ್ಯಾನದ ವ್ಯಾಜ್ಯಗಳಲ್ಲಿ ಉಲ್ಲೇಖವಾಗುತ್ತದೆ.

ನಾವು ನ್ಯಾಯಾಲಯಕ್ಕೆ ಹೋಗಲಿಲ್ಲ. ಈ ಎರಡು ಅಂಶಗಳನ್ನು ಒಂದು ಪುಟದ ಮನವಿಯಲ್ಲಿ ಬರೆದು ಕೊಟ್ಟದ್ದಷ್ಟೇ. ನಿಲುಗಡೆಯ ಪ್ರಸ್ತಾವ ಅಲ್ಲಿಗೆ ತಣ್ಣಗಾಯಿತು. ಬೀಗ ಮಾತ್ರ ಹಾಗೇ ಇತ್ತು, ಏಕೆಂದರೆ ಉದ್ಯಾನವನ್ನು ಉದ್ಯಾನವಾಗಿ ಉಳಿಸಲು ಕಾನೂನು ಇದೆ, ಅದನ್ನು ಮಧ್ಯಾಹ್ನ ತೆರೆದಿಡಲು ಇಲ್ಲ.

ಎಂಟು ಗಂಟೆಯ ಲೆಕ್ಕ

ಮಧ್ಯಾಹ್ನ ಏಕೆ ಮುಚ್ಚುತ್ತೀರಿ ಎಂದು ಕಚೇರಿಯಲ್ಲಿ ಕೇಳಿದಾಗ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಕುಡುಕರು ಬಂದು ಮಲಗುತ್ತಾರೆ, ಕಾಲೇಜು ಹುಡುಗ ಹುಡುಗಿಯರು ಬಂದು ಕೂರುತ್ತಾರೆ, ಇಸ್ಪೀಟು ಆಡುತ್ತಾರೆ, ಗಿಡಕ್ಕೆ ನೀರು ಬಿಡುವ ಹೊತ್ತು ಅದು. ಎಲ್ಲ ಉದ್ಯಾನಗಳಲ್ಲೂ ಹೀಗೆಯೇ ಎಂಬುದು ಎಲ್ಲಕ್ಕೂ ಮಿಗಿಲಾದ ಕಾರಣ. ನಮ್ಮ ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ನಮ್ಮ ರಾಜ್ಯದಲ್ಲಿ ಆ ಅರ್ಜಿ 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮೇಷ್ಟ್ರು ಕೇಳಿದ್ದು ಒಂದೇ: ಈ ಉದ್ಯಾನದ ವೇಳೆಯನ್ನು ನಿಗದಿ ಮಾಡಿದ ಆದೇಶದ ನಕಲು.

ಅಂಥ ಆದೇಶವೇ ಇರಲಿಲ್ಲ. ಬದಲಿಗೆ ಬಂದದ್ದು ನಿರ್ವಹಣೆ ಗುತ್ತಿಗೆಯ ಕರಾರಿನ ಪುಟಗಳು. ಅದರಲ್ಲಿ ಕಾವಲಿಗೆ ಒಬ್ಬ ಆಳು, ದಿನಕ್ಕೆ ಎಂಟು ಗಂಟೆ ಎಂದಿತ್ತು. ಮೇಷ್ಟ್ರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ನಾಲ್ಕು ಮತ್ತು ನಾಲ್ಕು ಎಂಟು ಎಂದು ಬರೆದು ನಮ್ಮ ಮುಂದೆ ಇಟ್ಟರು. ಬೆಳಿಗ್ಗೆ 5ರಿಂದ 9, ಸಂಜೆ 4ರಿಂದ 8. ಕುಡುಕರೂ ಇಲ್ಲ, ಕಾಲೇಜು ಹುಡುಗರೂ ಇಲ್ಲ. ಒಬ್ಬ ಮನುಷ್ಯನ ಒಂದು ದಿನದ ಕೂಲಿಯನ್ನು ಎರಡು ಹೋಳು ಮಾಡಿ ದಿನದ ಎರಡು ತುದಿಗೆ ಅಂಟಿಸಿದ್ದರು. ಯಾರೋ ಯಾವುದೋ ಬಡಾವಣೆಗೆ ಮಾಡಿದ ಕರಾರಿನ ನಮೂನೆ ಊರಿನ ಎಲ್ಲ ಉದ್ಯಾನಗಳಿಗೂ ನಕಲಾಗಿ ಬಂದಿರಬೇಕು. ಕಾರಣಗಳೆಲ್ಲ ಆಮೇಲೆ ಹುಟ್ಟಿಕೊಂಡವು.

ಆ ಕಾವಲಿನವನ ಬದುಕನ್ನೂ ಈ ಲೆಕ್ಕ ಹೇಗೆ ಕೆಡಿಸಿತ್ತೆಂದು ಆಗ ಹೊಳೆಯಿತು. ಅವನ ಹಳ್ಳಿ ಊರಿನಾಚೆ. ಐದಕ್ಕೆ ಗೇಟು ತೆಗೆಯಬೇಕಾದರೆ ನಾಲ್ಕಕ್ಕೆ ಮನೆ ಬಿಡಬೇಕು, ಎಂಟಕ್ಕೆ ಬೀಗ ಹಾಕಿ ಮನೆ ಸೇರುವಾಗ ಒಂಬತ್ತು. ನಡುವಿನ ಏಳು ಗಂಟೆಗೆ ಮನೆಗೆ ಹೋಗಿ ಬರಲು ಬಸ್ಸಿನ ಖರ್ಚು, ಹಾಗಾಗಿ ಅವನೂ ಪೇಟೆಯಲ್ಲೇ ಕಾಯುತ್ತಿದ್ದ. ಎಂಟು ಗಂಟೆಯ ಸಂಬಳಕ್ಕೆ ಹದಿನೇಳು ಗಂಟೆಯ ದಿನ. ತಾನು ಬೀಗ ಹಾಕಿದ ಉದ್ಯಾನದ ಎದುರಿನ ಚಪ್ಪಡಿಯ ಮೇಲೆ ಅವನೂ ಕೂತಿರುತ್ತಿದ್ದ.

ಒಪ್ಪಂದ

ಇನ್ನೊಬ್ಬ ಕಾವಲುಗಾರನನ್ನು ಕೊಡಿ ಎಂದು ಕೇಳಬಹುದಿತ್ತು. ಹಣವಿಲ್ಲ ಎಂಬ ಉತ್ತರ ಬಂದು ಕಡತ ಮುಚ್ಚುತ್ತಿತ್ತು. ಆದ್ದರಿಂದ ಕಾವಲು ನಿಜಕ್ಕೂ ಯಾವ ಹೊತ್ತಿನಲ್ಲಿ ಬೇಕು ಎಂಬ ಪ್ರಶ್ನೆಯನ್ನು ಮುಂದಿಟ್ಟೆವು. ಗೇಟು ತೆರೆಯುವುದು ಐದು ನಿಮಿಷದ ಕೆಲಸ, ಮುಚ್ಚುವುದು ಹತ್ತು ನಿಮಿಷದ್ದು. ಬೆಳಿಗ್ಗೆ ನಡೆಯಲು ಬರುವವರು ಐದಾರು ಜನ, ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಅವರಲ್ಲೊಬ್ಬರೇ ಗೇಟು ತೆಗೆಯಬಹುದು. ಒಂಬತ್ತರಿಂದ ಮಧ್ಯಾಹ್ನದವರೆಗೆ ಎದುರಿನ ಸಾಲಿನ ಅಂಗಡಿಗಳೆಲ್ಲ ತೆರೆದಿರುತ್ತವೆ, ಹತ್ತು ಜೋಡಿ ಕಣ್ಣು ಸದಾ ಗೇಟಿನ ಕಡೆಗೇ ಇರುತ್ತದೆ. ಜನ ತುಂಬುವ ಹೊತ್ತು ಮಧ್ಯಾಹ್ನ 12ರ ಮೇಲೆ. ಆದ್ದರಿಂದ ಕಾವಲಿನವನ ಪಾಳಿ 12ರಿಂದ ರಾತ್ರಿ 8ರವರೆಗೆ ಒಂದೇ ಹಿಡಿತಕ್ಕೆ ಇರಲಿ ಎಂದೆವು. ಅದೇ ಎಂಟು ಗಂಟೆ, ಅದೇ ಸಂಬಳ, ಒಂದು ಪೈಸೆಯೂ ಹೆಚ್ಚಿಲ್ಲ.

ವಾರ್ಡಿನ ಸಭೆಯಲ್ಲಿ ಎದುರಾದ ಆಕ್ಷೇಪಗಳನ್ನು ತಳ್ಳಿಹಾಕುವಂತಿರಲಿಲ್ಲ. ಮಲಗುವವರ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ರಾತ್ರಿಯೆಲ್ಲ ಲಾರಿ ಇಳಿಸಿದ ಹಮಾಲಿ ಮಧ್ಯಾಹ್ನ ಟವೆಲ್ ಹಾಸಿ ಒಂದು ಗಂಟೆ ಮಲಗಿದರೆ ಅದು ದುರುಪಯೋಗವೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಆದರೆ ಅವನ ಪಕ್ಕದಲ್ಲಿ ಹೆಂಗಸರು ಕೂರಲು ಹಿಂಜರಿಯುತ್ತಾರೆ ಎಂದು ಹೂವಿನ ವ್ಯಾಪಾರದ ಅಕ್ಕನೊಬ್ಬರು ಹೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರವಿರಲಿಲ್ಲ. ಕೊನೆಗೆ ಪರಿಹಾರವನ್ನೂ ಆಕೆಯೇ ಹೇಳಿದರು: ಗೇಟಿಗೆ ಹತ್ತಿರದ, ರಸ್ತೆಗೆ ಕಾಣುವ ಎರಡು ಮರಗಳ ಕೆಳಗೆ ಕೂರುವವರಿರಲಿ, ಹಿಂದಿನ ಎರಡರ ಕೆಳಗೆ ಮಲಗುವವರಿರಲಿ. ಇದಕ್ಕೆ ಫಲಕವನ್ನೇನೂ ಹಾಕಲಿಲ್ಲ. ಬಾಯಿಮಾತಿನಲ್ಲೇ ಹರಡಿತು, ಬಹುಮಟ್ಟಿಗೆ ನಡೆಯುತ್ತಲೂ ಇದೆ.

ಇಸ್ಪೀಟಿನವರು ಒಂದಷ್ಟು ದಿನ ಬಂದರು. ಅವರಿಗೆ ಬೇಕಾದದ್ದು ಮರೆ; ತೆರೆದ ಗೇಟು, ಓಡಾಡುವ ಜನ ಇರುವಲ್ಲಿ ಆ ಮರೆ ಸಿಕ್ಕುವುದಿಲ್ಲ. ಕಾಲೇಜು ಹುಡುಗ ಹುಡುಗಿಯರು ಈಗಲೂ ಬಂದು ಕೂರುತ್ತಾರೆ, ಕೂರಲಿ.

ಪ್ರಯೋಗಕ್ಕೆಂದು ಮೊದಲು ಮೂರು ತಿಂಗಳ ಒಪ್ಪಿಗೆ ಸಿಕ್ಕಿತು, ಅದೂ ಬಾಯಿಮಾತಿನಲ್ಲಿ. ಆ ಮೂರು ತಿಂಗಳಲ್ಲಿ ಹಣ ಖರ್ಚಾದದ್ದು ಒಂದೇ ಬಾಬ್ತಿಗೆ, ಕಟ್ಟೆಗೆ. ನೆಲದ ಟೈಲ್ಸನ್ನು ಹೊಂಗೆಗಳ ಬುಡದವರೆಗೂ ಒತ್ತಿ ಹಾಸಿದ್ದರಿಂದ ಒಂದು ಮರ ಆಗಲೇ ತುದಿಯಲ್ಲಿ ಒಣಗುತ್ತಿತ್ತು. ನೀರು ಇಂಗಲು ಬುಡದ ಸುತ್ತ ಮಣ್ಣು ಬಿಡಿಸಿ, ಆ ವೃತ್ತದ ಆಚೆಗೆ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಕಟ್ಟಿಸುವುದಕ್ಕೆ ಅಂಗಡಿಯವರೇ ಚಂದಾ ಹಾಕಿದರು. ಚಂದಾ ಕೊಟ್ಟವರಲ್ಲಿ ನಿಲುಗಡೆಯ ಪರ ಇದ್ದವರೂ ಇದ್ದರು. ಗಾರೆಯವನು ಹಳೆಯ ಕಟ್ಟೆಯ ಕಲ್ಲುಗಳೇ ಹಿಂಭಾಗದ ಮೂಲೆಯಲ್ಲಿ ರಾಶಿ ಬಿದ್ದಿರುವುದನ್ನು ಹುಡುಕಿ ಅವನ್ನೇ ಬಳಸಿದ. ಕೆಲವು ಕಲ್ಲುಗಳ ಮೇಲ್ಮೈ ಕೂತವರ ಬಟ್ಟೆ ಉಜ್ಜಿ ಉಜ್ಜಿ ಇನ್ನೂ ನುಣುಪಾಗಿತ್ತು. ಆ ಮುಖವನ್ನೇ ಮೇಲೆ ಮಾಡಿ ಕೂರಿಸಿದ.

ಹುಲ್ಲುಹಾಸನ್ನು ಕೈಬಿಟ್ಟಾಯಿತು. ಮಣ್ಣಿನ ನೆಲಕ್ಕೆ ಮಳೆಗಾಲದಲ್ಲಿ ಗರಿಕೆ ತಾನಾಗಿ ಬರುತ್ತದೆ, ಬೇಸಿಗೆಯಲ್ಲಿ ಹೋಗುತ್ತದೆ. ಅದಕ್ಕೆ ಟ್ಯಾಂಕರ್ ಬೇಡ.

ಆಗದೆ ಉಳಿದದ್ದು

ಫುಟ್‌ಪಾತು ತೆರವಾಯಿತೇ ಎಂದರೆ, ಕೂರುವವರಿಂದ ತೆರವಾಯಿತು, ಮಾರುವವರಿಂದ ಆಗಲಿಲ್ಲ. ಅವರನ್ನು ಎಬ್ಬಿಸಬೇಕೆಂದು ನಾವು ಕೇಳಲೂ ಇಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಮಾರಾಟದ ವಲಯಗಳನ್ನು ತೀರ್ಮಾನಿಸುವಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಪಾತ್ರವಿದೆ, ಆ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ 40ಕ್ಕೆ ಕಡಿಮೆ ಇರಕೂಡದು. ಉದ್ಯಾನದ ಬಳಕೆದಾರರು ಸೇರಿ ಒಂದು ಮನವಿಯಲ್ಲಿ ಮುಗಿಸುವ ವಿಷಯ ಅದಲ್ಲ. ಗೇಟಿನ ಎರಡೂ ಬದಿಗೆ ಆರಾರು ಅಡಿ ಬಿಟ್ಟು ಕೂರುವಂತೆ ಅವರೇ ಒಪ್ಪಿಕೊಂಡಿದ್ದಾರೆ, ಹಬ್ಬದ ದಿನಗಳಲ್ಲಿ ಆ ಆರು ಅಡಿ ಮೂರಾಗುತ್ತದೆ.

ಸೋತದ್ದು ಶೌಚಾಲಯದ ವಿಷಯದಲ್ಲಿ. ಹಗಲು ತೆರೆದಿರುವ ಉದ್ಯಾನಕ್ಕೆ ಹೆಂಗಸರ ಶೌಚಾಲಯವಿಲ್ಲವೆಂದರೆ ಅರ್ಧ ಕೆಲಸವೂ ಆಗಿಲ್ಲವೆಂದೇ ಅರ್ಥ. ಎಸ್ಟಿಮೇಟ್ ಎರಡು ಬಾರಿ ತಯಾರಾಯಿತು. ಮೊದಲ ಬಾರಿ ಒಳಚರಂಡಿ ಸಂಪರ್ಕದ ಮಟ್ಟ ಸರಿಯಿಲ್ಲವೆಂದು ಹಿಂದಕ್ಕೆ ಬಂತು, ಎರಡನೇ ಬಾರಿ ಕಟ್ಟಿದ ಮೇಲೆ ನಿರ್ವಹಣೆ ಯಾರದೆಂಬ ಪ್ರಶ್ನೆಗೆ ನಿಂತಿತು. ಈ ಎರಡನೆಯ ಪ್ರಶ್ನೆ ಸರಿಯಾದದ್ದೇ. ಕಟ್ಟಿ ಬೀಗ ಹಾಕಿದ ಶೌಚಾಲಯಗಳನ್ನು ನಾವೆಲ್ಲ ನೋಡಿದ್ದೇವೆ. ಸದ್ಯಕ್ಕೆ ಎದುರಿನ ಎರಡು ಹೋಟೆಲಿನವರು ಉದ್ಯಾನದಿಂದ ಬಂದ ಹೆಂಗಸರನ್ನು ಊಟ ಮಾಡದಿದ್ದರೂ ಒಳಗೆ ಬಿಡುತ್ತಾರೆ. ಅದು ಅವರ ಒಳ್ಳೆಯತನ; ಮಾಲೀಕರು ಬದಲಾದರೆ ಅದೂ ಹೋಗುತ್ತದೆ.

ಒಪ್ಪಿಗೆ ಇನ್ನೂ ಬರಹದಲ್ಲಿ ಬಂದಿಲ್ಲ. ನಿರ್ವಹಣೆಯ ಗುತ್ತಿಗೆ ಬದಲಾದಾಗ ಹೊಸ ಗುತ್ತಿಗೆದಾರ ಹಳೆಯ ನಮೂನೆಯ ಕರಾರನ್ನೇ ಹಿಡಿದು ಬಂದ, ಎರಡು ದಿನ ಮಧ್ಯಾಹ್ನ ಬೀಗ ಬಿತ್ತು. ಮೂರನೆಯ ದಿನ ಮೇಷ್ಟ್ರು ಪೆನ್ಸಿಲಿನ ಗೆರೆ ಇದ್ದ ಅದೇ ಪುಟದ ಜೆರಾಕ್ಸ್ ಹಿಡಿದು ಹೋಗಿ ಅವನಿಗೆ ವಿವರಿಸಿದರು. ಗೇಟಿನ ಬೀಗಕ್ಕೆ ಈಗ ಮೂರು ಕೈಗಳಿವೆ. ಒಂದು ಕಾವಲಿನವನ ಬಳಿ,  ಒಂದು ಬೆಳಿಗ್ಗೆ ನಡೆಯಲು ಬರುವ ಔಷಧಿ ಅಂಗಡಿಯವರ ಬಳಿ. ಮೂರನೆಯದು ಹೂವಿನ ಅಕ್ಕನ ಬುಟ್ಟಿಯಲ್ಲಿ, ಒದ್ದೆ ಬಟ್ಟೆಯ ಕೆಳಗೆ, ಕನಕಾಂಬರದ ದಾರದ ಉಂಡೆಗೆ ಕಟ್ಟಿಕೊಂಡಿರುತ್ತದೆ.